ಮನೆಮಾತು

‘ಮನೆಮಾತು’ ಎಂಬ ಪದ ಕನ್ನಡದಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಒಬ್ಬರ ಹೆಸರು ಮನೆಮಾತಾಯಿತು ಎಂದರೆ ಎಲ್ಲರ ಬಾಯಲ್ಲೂ ನಲಿಯಿತು ಎಂದರ್ಥ. ಪತ್ರಿಕಾಬಳಕೆಯಲ್ಲಿ ಸವೆದಿರುವ ಈ ಅರ್ಥವನ್ನು ಇಲ್ಲಿಗೇ ಬಿಡಬಹುದು. ಮನೆಯೊಳಗೆ ಆಡುವ ಭಾಷೆ ಎಂಬ ಇನ್ನೊಂದು ಅರ್ಥವಾದರೋ ಹಲವು ಭಾಷೆಗಳ ನಡುವೆ ಬಾಳುವವರ ಗುರುತನ್ನು ಯಾವ ಗೊಂದಲವೂ ಇಲ್ಲದೆ ಹೇಳಬಲ್ಲ ಶಕ್ತಿಯನ್ನು ಪಡೆದಿದೆ.

ದ.ರಾ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ; ಕ್ರಮವಾಗಿ 1973, 1983 ಮತ್ತು 1998ರ ಜ್ಞಾನಪೀಠ ಪ್ರಶಸ್ತಿಗಳು ಕನ್ನಡಕ್ಕೆ ಬಂದದ್ದು ಈ ಮೂವರಿಂದ. ನಿಸಾರ್ ಅಹಮದರ ಮನೆಮಾತು ಉರ್ದು. ಇವರನ್ನು ಕುರಿತು ಬರೆಯುವವರು ಮನೆಮಾತನ್ನು ಹೆಸರಿಸಿದ ಮೇಲೆ ‘ಆದರೂ ಕನ್ನಡಿಗರು’ ಎಂದು ಸಮರ್ಥಿಸಬೇಕಾದ ಅಗತ್ಯವೇ ಬೀಳುವುದಿಲ್ಲ, ಏಕೆಂದರೆ ಒಳಗಿನ ಭಾಷೆಯನ್ನು ತಿಳಿಸುವ ಈ ಪದ ಹೊರಗಿನ ಭಾಷೆಯ ಮೇಲಿನ ಹಕ್ಕನ್ನು ಪ್ರಶ್ನಿಸುವುದಿಲ್ಲ. ಬೇಂದ್ರೆ ಮರಾಠಿಯಲ್ಲೂ ಬರೆದರು. ಅದರಿಂದ ಅವರ ಕನ್ನಡಕ್ಕೆ ಕುಂದು ಬಂದಿತೆಂದು ಯಾರೂ ಹೇಳಲಾರರು.

ಮಂಗಳೂರಿನ ಕೊಂಕಣಿ ಮನೆಯೊಂದರ ಹುಡುಗಿ ತಾಯಿಯೊಡನೆ ಕೊಂಕಣಿಯಲ್ಲಿ ಜಗಳವಾಡಿ, ಮೀನು ಮಾರುಕಟ್ಟೆಯಲ್ಲಿ ‘ಏತ್’ ಎಂದು ತುಳುವಿನಲ್ಲಿ ಬೆಲೆ ಕೇಳಿ, ಶಾಲೆಯಲ್ಲಿ ಕನ್ನಡ ಪದ್ಯ ಬಾಯಿಪಾಠ ಒಪ್ಪಿಸುವುದು ಆ ಕಡೆಯ ದಿನನಿತ್ಯದ ಸಂಗತಿ. ಈ ಮೂರರಲ್ಲಿ ತನ್ನದು ಯಾವುದೆಂದು ಆಕೆಯನ್ನು ಕೇಳುವುದೇ ಅಸಹಜ; ಮನೆಮಾತು ಯಾವುದೆಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ.

ಜನಗಣತಿಯ ಪರಿಭಾಷೆಯಾದ ‘ಮಾತೃಭಾಷೆ’, ಅಂದರೆ ವ್ಯಕ್ತಿಯ ಬಾಲ್ಯದಲ್ಲಿ ತಾಯಿ ಆತನೊಡನೆ ಆಡಿದ ಭಾಷೆ, ಇಷ್ಟು ಸಲೀಸಲ್ಲ. ಶೈಶವದಲ್ಲೇ ತಾಯಿಯನ್ನು ಕಳೆದುಕೊಂಡವರ ವಿಷಯದಲ್ಲಿ ಬಾಲ್ಯದ ಮನೆಯಲ್ಲಿ ಮುಖ್ಯವಾಗಿ ಬಳಕೆಯಲ್ಲಿದ್ದ ಭಾಷೆಯನ್ನು ಬರೆದುಕೊಳ್ಳಬೇಕೆಂಬ ಸೂಚನೆಯಿದ್ದು, ಅಲ್ಲಿಗೆ ಸರ್ಕಾರದ ವ್ಯಾಖ್ಯೆಯೂ ಕೊನೆಗೆ ಮನೆಮಾತನ್ನೇ ಆಶ್ರಯಿಸಿದಂತಾಗುತ್ತದೆ. ತಂದೆ ತಾಯಿಯರ ಭಾಷೆಗಳು ಬೇರೆಬೇರೆಯಾಗಿರುವ ಇಂದಿನ ಬೆಂಗಳೂರಿನ ಮನೆಗಳಲ್ಲಿ ಎರಡು ಮನೆಮಾತುಗಳಿರುವುದು ವಿಶೇಷವೇನಲ್ಲ. ಅವುಗಳಲ್ಲಿ ಒಂದಕ್ಕೆ ಮಾತ್ರ ಮಾತೃಭಾಷೆಯ ಅಂಕಣದಲ್ಲಿ ಜಾಗ ಸಿಗುತ್ತದೆ.

ಆದರೆ ಅದೇ ನಮೂನೆಯಲ್ಲಿ ಮಾತೃಭಾಷೆಯಲ್ಲದೆ ಬಲ್ಲ ಇನ್ನೆರಡು ಭಾಷೆಗಳನ್ನು ಬರೆಸಲು ಅವಕಾಶವಿದೆ. ಗಣತಿದಾರರು ಬಂದಾಗ ಮನೆಮಾತನ್ನು ಅಳುಕಿಲ್ಲದೆ ಹೇಳಿ, ಉಳಿದೆರಡು ಜಾಗಗಳನ್ನೂ ಓದುಗರು ಖಾಲಿ ಬಿಡದೆ ತುಂಬಿಸಬೇಕು.