ಮಹಾಸೋಂಕು ಮತ್ತು ಆರೋಗ್ಯ ಸಿಬ್ಬಂದಿಯ ಮನೋಯಾತನೆ

ಮಹಾಸೋಂಕಿನ ಕಾಲದಲ್ಲಿ ವೈದ್ಯರು, ದಾದಿಯರು, ಆಶಾ ಕಾರ್ಯಕರ್ತೆಯರು ಮೊದಲಾದವರನ್ನು ಕಾಡುವ ಆತಂಕ, ಖಿನ್ನತೆ, ನಿದ್ದೆಗೇಡು, ಬಳಲಿಕೆಗಳೇ ಈ ಮನೋಯಾತನೆ. 2003ರ ಸಾರ್ಸ್ ಸೋಂಕಿನ ವೇಳೆ ಟೊರೊಂಟೊ, ಹಾಂಗ್‌ಕಾಂಗ್‌ಗಳಲ್ಲಿ ಇದರ ಅಧ್ಯಯನ ನಡೆದಿತ್ತು. ಜನರ ಗಮನಕ್ಕೆ ಬಂದದ್ದು ಕೋವಿಡ್-19ರಲ್ಲಿ.

2020ರ ಆರಂಭದಲ್ಲಿ ಚೀನಾದ 34 ಆಸ್ಪತ್ರೆಗಳ 1,257 ಸಿಬ್ಬಂದಿಯ ಸಮೀಕ್ಷೆಯಲ್ಲಿ ಶೇ. 50.4 ಮಂದಿ ಖಿನ್ನತೆಯ, ಶೇ. 44.6 ಮಂದಿ ಆತಂಕದ ಲಕ್ಷಣಗಳನ್ನು ಹೇಳಿಕೊಂಡರು. ಇವು ಪ್ರಶ್ನಾವಳಿಯ ಉತ್ತರಗಳು, ರೋಗನಿರ್ಣಯವಲ್ಲ. ಉಲ್ಲೇಖಿಸುವವರು ಇದನ್ನು ಮರೆಯುವುದೇ ಹೆಚ್ಚು. ದಾದಿಯರಲ್ಲಿ, ಮಹಿಳೆಯರಲ್ಲಿ, ವುಹಾನ್‌ನಲ್ಲಿ ದುಡಿಯುತ್ತಿದ್ದವರಲ್ಲಿ ತೀವ್ರತೆ ಹೆಚ್ಚಿತ್ತು.

ಮನೆಯವರಿಗೆ ಸೋಂಕು ತಗಲೀತೆಂಬ ಭಯ, ರಕ್ಷಣಾ ಸಾಮಗ್ರಿಯ ಕೊರತೆ, ಬಂಧುಗಳಿಲ್ಲದೆ ಸಾಯುವ ರೋಗಿಗಳನ್ನು ನೋಡಬೇಕಾದ ಸಂಕಟ ಮುಖ್ಯ ಕಾರಣಗಳು. ಭಾರತದಲ್ಲಿ ಇದಕ್ಕೆ ಸಾಮಾಜಿಕ ಕಳಂಕವೂ ಸೇರಿತು. ಬಾಡಿಗೆ ಮನೆ ಬಿಡಿಸಿದ, ಹಲ್ಲೆ ಮಾಡಿದ ಪ್ರಕರಣಗಳು ಹೆಚ್ಚಿದಾಗ, 2020ರ ಏಪ್ರಿಲ್ 22ರ ಸುಗ್ರೀವಾಜ್ಞೆಯು ಆರೋಗ್ಯ ಸಿಬ್ಬಂದಿಯನ್ನು ತೀವ್ರವಾಗಿ ಗಾಯಗೊಳಿಸುವವರಿಗೆ 7 ವರ್ಷದವರೆಗೆ ಸೆರೆವಾಸ ನಿಗದಿಪಡಿಸಿತು.

ಈ ಯಾತನೆಯ ನಿಭಾವಣೆಯ ಬಗ್ಗೆ ಚೀನಾದ ಚಾಂಗ್‌ಷಾ ನಗರದ ಎರಡನೇ ಶಿಯಾಂಗ್ಯಾ ಆಸ್ಪತ್ರೆಯ ಅನುಭವ ಗಮನಾರ್ಹ. ಅಲ್ಲಿ ಆಪ್ತಸಮಾಲೋಚಕರ ತಂಡ, ಸಹಾಯವಾಣಿ ಎಲ್ಲವೂ ಸಿದ್ಧವಿದ್ದರೂ ಸಿಬ್ಬಂದಿ ಅತ್ತ ಸುಳಿಯಲಿಲ್ಲ. ವಿಚಾರಿಸಿದಾಗ ಅವರು ಕೇಳಿದ್ದು ಅಡಚಣೆಯಿಲ್ಲದ ವಿಶ್ರಾಂತಿ ಮತ್ತು ಸಾಕಷ್ಟು ರಕ್ಷಣಾ ಸಾಮಗ್ರಿ. ಆಸ್ಪತ್ರೆ ತಂಗಲು ಪ್ರತ್ಯೇಕ ಸ್ಥಳ ಮತ್ತು ಊಟ ಒದಗಿಸಿತು. ದಿನಚರಿಯ ವಿಡಿಯೊ ಮಾಡಿ ಮನೆಯವರಿಗೆ ತೋರಿಸಲು ನೆರವಾಯಿತು. ಬಳಿಕವೇ ಸಮಾಲೋಚಕರು ವಿಶ್ರಾಂತಿ ಕೊಠಡಿಗಳಿಗೇ ಹೋಗಿ ಮಾತನಾಡಿಸತೊಡಗಿದರು.

ಕರ್ನಾಟಕದ ಆಶಾ ಕಾರ್ಯಕರ್ತೆಯರು 2020ರ ಜುಲೈನಲ್ಲಿ ಮುಷ್ಕರ ಹೂಡಿದಾಗಲೂ ಮುಂದಿಟ್ಟ ಬೇಡಿಕೆಗಳು ಇಂಥ ದಿನನಿತ್ಯದ ಅಗತ್ಯಗಳೇ: ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ ಮತ್ತು ರಕ್ಷಣಾ ಸಾಮಗ್ರಿ.