ಹೈಸ್ಕೂಲ್‌ನಲ್ಲೇ ಸಮುದ್ರ ವಿಜ್ಞಾನ ಓದಬಹುದಾ? ಠಾಕುರ್ಲಿಯ ಕನ್ನಡಿಗ ಮಕ್ಕಳಿಗೆ ಇರುವ ದಾರಿಗಳಿವು

ಠಾಕುರ್ಲಿ: ಡೊಂಬಿವಲಿ ಮತ್ತು ಕಲ್ಯಾಣ್ ನಡುವಿನ ಈ ಪುಟ್ಟ ಸ್ಟೇಷನ್‌ನಿಂದ ಸಮುದ್ರ ಕಾಣುವುದಿಲ್ಲ. ಆದರೆ ಪಶ್ಚಿಮ ಭಾಗದ ಆಚೆ ಇರುವ ಉಲ್ಹಾಸ್ ಖಾಡಿಗೆ ಅರಬ್ಬಿ ಸಮುದ್ರದ ಉಬ್ಬರ ದಿನಕ್ಕೆ ಎರಡು ಸಲ ಬಂದು ಹೋಗುತ್ತದೆ. ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ಕಾಲೇಜು ಇರುವ ಈ ಊರಲ್ಲಿ ಕನ್ನಡ ಮನೆಗಳಿಗೂ ಕೊರತೆಯಿಲ್ಲ. ಇಂಥ ಮನೆಯ ಮಗುವೊಂದು 'ಮರೈನ್ ಬಯಾಲಜಿ ಓದುತ್ತೇನೆ' ಎಂದರೆ ಅಪ್ಪ ಅಮ್ಮ ಏನು ಮಾಡಬೇಕು?

ಮೊದಲಿಗೆ ನೇರ ಉತ್ತರ. ಹತ್ತನೇ ತರಗತಿಯವರೆಗೆ ಈ ಹೆಸರಿನ ಪ್ರತ್ಯೇಕ ವಿಷಯ ಮಹಾರಾಷ್ಟ್ರ ಬೋರ್ಡ್, ಸಿಬಿಎಸ್‌ಇ, ಐಸಿಎಸ್‌ಇ ಯಾವುದರಲ್ಲೂ ಇಲ್ಲ. 11ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿ ಸಾಗರದ ನೀರು, ಅಲೆ, ಉಬ್ಬರವಿಳಿತ, ಪ್ರವಾಹಗಳ ಪಾಠ ಇರುವುದು ಭೂಗೋಳದಲ್ಲಿ. ವಿಜ್ಞಾನ ವಿಭಾಗಕ್ಕೆ ಹೋದವರಲ್ಲಿ ಹೆಚ್ಚಿನವರು ಆ ಪುಸ್ತಕವನ್ನು ಮುಟ್ಟುವುದೇ ಇಲ್ಲ. ಸಮುದ್ರ ವಿಜ್ಞಾನಿ ಆಗಬೇಕೆಂದವರಿಗೇ ಸಮುದ್ರದ ಪಾಠ ತಪ್ಪಿಹೋಗುತ್ತದೆ!

ಗಣಿತ ಬಿಡುವ ಮುನ್ನ ಯೋಚಿಸಿ

ಹತ್ತನೇ ತರಗತಿ ಮುಗಿದಾಗ ತುಂಬುವ ಆನ್‌ಲೈನ್ ಅರ್ಜಿಯಲ್ಲೇ ಅರ್ಧ ದಾರಿ ತೀರ್ಮಾನವಾಗುತ್ತದೆ. ಮೀನು, ಹವಳ, ಪ್ಲವಕ, ಕಾಂಡ್ಲಾ ಕಾಡುಗಳ ಅಧ್ಯಯನಕ್ಕೆ ಜೀವಶಾಸ್ತ್ರ, ರಸಾಯನಶಾಸ್ತ್ರ ಬೇಕು. ಪ್ರವಾಹ, ಅಲೆ, ಮುಂಗಾರು, ಸಮುದ್ರದ ತಾಪಮಾನ ಲೆಕ್ಕ ಹಾಕುವ ಭೌತಿಕ ಸಾಗರ ವಿಜ್ಞಾನಕ್ಕೆ ಗಣಿತ, ಭೌತಶಾಸ್ತ್ರವೇ ಆಧಾರ. 'ಸಮುದ್ರ ಅಂದರೆ ಬಯಾಲಜಿ' ಎಂದುಕೊಂಡು ಗಣಿತ ಕೈಬಿಟ್ಟವರಿಗೆ ಎರಡನೆಯ ಬಾಗಿಲು ಬಹುತೇಕ ಮುಚ್ಚಿದಂತೆ. ಮೂವರನ್ನು 6,000 ಮೀಟರ್ ಆಳಕ್ಕೆ ಕರೆದೊಯ್ಯಲು ಚೆನ್ನೈನ ಎನ್‌ಐಒಟಿ ರೂಪಿಸುತ್ತಿರುವ 'ಮತ್ಸ್ಯ 6000' ಯೋಜನೆಗೂ ಎಂಜಿನಿಯರ್‌ಗಳು ಬೇಕು. ಐಐಟಿ ಮದ್ರಾಸಿನ ಓಷನ್ ಎಂಜಿನಿಯರಿಂಗ್ ಪದವಿಗೆ ಜೆಇಇ ಬರೆಯಬೇಕು. ಮಗುವಿಗೆ ಹೊರೆ ಎನಿಸದಿದ್ದರೆ ಎರಡು ವರ್ಷ ಗಣಿತ, ಜೀವಶಾಸ್ತ್ರ ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಪಿಯು ನಂತರ ಎಲ್ಲಿ?

ಬೇಗ ಕೆಲಸಕ್ಕೆ ಹತ್ತಿರವಾಗುವ ದಾರಿ ಬಿ.ಎಫ್.ಎಸ್‌ಸಿ, ಅಂದರೆ ಮೀನುಗಾರಿಕೆ ವಿಜ್ಞಾನದ ನಾಲ್ಕು ವರ್ಷದ ಪದವಿ. ಮಹಾರಾಷ್ಟ್ರದಲ್ಲಿ ರತ್ನಾಗಿರಿಯ ಕಾಲೇಜಿದೆ. ಕರ್ನಾಟಕದಲ್ಲಿ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿದೆ. ಇದು ದೇಶದಲ್ಲೇ ಮೊದಲನೆಯದು. ಮುಂದಿನ ಓದಿಗೆ ಮುಂಬೈ ವರ್ಸೋವಾದ ಸಿಐಎಫ್‌ಇ ಲೋಕಲ್ ರೈಲಿನ ದೂರದಲ್ಲೇ ಇದೆ. ಬಿ.ಎಸ್‌ಸಿ ಮಾಡಿದವರು ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ, ಗೋವಾ ವಿಶ್ವವಿದ್ಯಾಲಯ, ಕೊಚ್ಚಿಯ ಕುಸಾಟ್ ಕಡೆ ನೋಡಬಹುದು. ಸಂಶೋಧನೆಗೆ 1966ರಲ್ಲಿ ಸ್ಥಾಪನೆಯಾದ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ (ಎನ್‌ಐಒ) ದೊಡ್ಡ ಹೆಸರು. ಅದರ ಪ್ರಾದೇಶಿಕ ಕೇಂದ್ರ ಮುಂಬೈಯಲ್ಲೂ ಇದೆ.

ಇಲ್ಲೊಂದು ವಿಷಯ ಹೊರನಾಡಿನ ಪೋಷಕರಿಗೆ ಗೊತ್ತಿರಲೇಬೇಕು. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಸಾಮಾನ್ಯವಾಗಿ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಠಾಕುರ್ಲಿಯಲ್ಲೇ ಬೆಳೆದವರಿಗೆ ಇದು ಅಸಾಧ್ಯ. ಆದರೆ ಹೊರನಾಡು, ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅವಕಾಶವಿದೆ. ಅದಕ್ಕೆ ಕೆಇಎ ನಡೆಸುವ, ನಾಲ್ಕನೇ ತರಗತಿ ಮಟ್ಟದ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಮನೆಯಲ್ಲಿ ತುಳು, ಕನ್ನಡ ಸರಾಗವಾಗಿ ಮಾತಾಡಿದರೆ ಸಾಲದು, ಓದಿ ಬರೆಯಲು ಬರಬೇಕು. ಇಂಗ್ಲಿಷ್, ಮರಾಠಿ ಮಾಧ್ಯಮದ ಮಕ್ಕಳು 12ನೇ ತರಗತಿಯಲ್ಲಿ ಅಕ್ಷರ ತಿದ್ದಲು ಕೂರುವ ಬದಲು ಎಂಟರಲ್ಲೇ ಶುರು ಮಾಡಿದರೆ ಸಲೀಸು. ಯಾವ ಕೋರ್ಸಿಗೆ ಈ ಅವಕಾಶ ಅನ್ವಯಿಸುತ್ತದೆ ಎಂಬುದನ್ನು ಆಯಾ ವರ್ಷದ ಕೆಇಎ ಮಾಹಿತಿ ಪುಸ್ತಿಕೆಯಲ್ಲಿ ನೋಡಿಕೊಳ್ಳಿ.

ಈಗಲೇ ಏನು ಮಾಡಬಹುದು?

ಠಾಣೆಯಿಂದ ಟ್ರಾನ್ಸ್ ಹಾರ್ಬರ್ ಲೋಕಲ್ ಹಿಡಿದರೆ ಐರೋಳಿ. ಅಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆಯ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವಿದೆ. ಪಕ್ಕದ ಠಾಣೆ ಖಾಡಿ 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯವಾಗಿ, 2022ರಲ್ಲಿ ರಾಮ್ಸಾರ್ ತಾಣವಾಗಿ ಘೋಷಣೆಯಾಗಿದೆ. ಚಳಿಗಾಲದ ಒಂದು ಭಾನುವಾರ ಇದಕ್ಕೆ ಸಾಕು. ಮುಂಬೈ ತೀರದಲ್ಲಿ 'ಮರೈನ್ ಲೈಫ್ ಆಫ್ ಮುಂಬೈ' ತಂಡ 2017ರಿಂದ ನಡೆಸುತ್ತಿರುವ ತೀರ ನಡಿಗೆಗಳಲ್ಲಿ ಏಡಿ, ಸಮುದ್ರ ಹೂವು, ಬಸವನಹುಳುಗಳನ್ನು ಕಣ್ಣಾರೆ ಕಾಣಬಹುದು. ಓದಿನಲ್ಲಿ ಚುರುಕಾಗಿರುವವರಿಗೆ ಭೂವಿಜ್ಞಾನ ಒಲಿಂಪಿಯಾಡ್ ಇದೆ. ಸಾಗರವೂ ಅದರ ಪಠ್ಯದ ಭಾಗ. ಇದರ ಅಂತಾರಾಷ್ಟ್ರೀಯ ಸ್ಪರ್ಧೆ 2013ರಲ್ಲಿ ಮೈಸೂರಿನಲ್ಲಿ ನಡೆದಿತ್ತು.

ತೀರಕ್ಕೆ ಹೋಗುವ ಮುನ್ನ ಆ ದಿನದ ಇಳಿತದ ಸಮಯ ನೋಡಿಕೊಳ್ಳಿ. ಉಬ್ಬರದ ಹೊತ್ತಿಗೆ ತಲುಪಿದರೆ ಕಾಣುವುದು ನೀರು ಮಾತ್ರ.