ಎರೆಯ ಅಳತೆ, ಹುಸಿಮೀನಿನ ಬಣ್ಣ

ದೊಡ್ಡ ಮೀನಿಗೆ ಎಂಥ ಎರೆ ಕಟ್ಟಬೇಕು ಎಂಬ ಪ್ರಶ್ನೆ ಕನ್ನಡ ನಾಡಿನಲ್ಲಿ ಹೊಯ್ಸಳರ ಕಾಲದಲ್ಲೇ ಶಾಸ್ತ್ರಕ್ಕೆ ಏರಿತ್ತು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ನಡೆಯಿತು. ಅದಾಗಿ ಹನ್ನೆರಡು ವರ್ಷಕ್ಕೆ, 1129ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಹೊಯ್ಸಳ ವಿಷ್ಣುವರ್ಧನನಿಗೆ ಹೆಸರಿಗಾದರೂ ಈತನೇ ಸಾರ್ವಭೌಮ. ಅರಸನ ಆಟಪಾಟಗಳನ್ನು ವಿವರಿಸುವ ಭಾಗದಲ್ಲಿ ಆನೆ, ಕುದುರೆ, ಕೋಳಿಕಾಳಗಗಳ ಜೊತೆಗೆ ‘ಮತ್ಸ್ಯವಿನೋದ’ಕ್ಕೂ ಒಂದು ಅಧ್ಯಾಯ ಸಿಕ್ಕಿದೆ.

ಅದರಲ್ಲಿ ಮೀನುಗಳನ್ನು ಹುರುಪೆ ಇರುವವು, ಇಲ್ಲದವು, ಕಡಲಿನವು, ಹೊಳೆಯವು, ದೊಡ್ಡವು, ಚಿಕ್ಕವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಹಾಕಿ ಪಳಗಿಸಬೇಕೆಂದು ಹೇಳಲಾಗಿದೆ. ಕೋಲು, ಹುರಿ, ಗಾಳಗಳ ವಿವರವೂ ಉಂಟು. ಮೀನುವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ಅದನ್ನು ಆಧುನಿಕ ವಿದ್ವಾಂಸರ ಗಮನಕ್ಕೆ ತಂದರು. ಗಮನಿಸಬೇಕಾದ ಸಂಗತಿಯೆಂದರೆ, ಸೋಮೇಶ್ವರನ ಎರೆ ಮೀನಿಗೆ ನಿಜವಾದ ಊಟ. ಹಿಟ್ಟಿನ ಉಂಡೆಯಾಗಲಿ ಮಾಂಸದ ತುಣುಕಾಗಲಿ, ಮೀನು ಅದರ ರುಚಿಗೆ, ವಾಸನೆಗೆ ಬರುತ್ತದೆ. ಬಣ್ಣಕ್ಕೆ ಅಲ್ಲಿ ಕೆಲಸ ಕಡಿಮೆ.

ಎರೆಯ ಆಯ್ಕೆ ನೀರನ್ನೂ ನೋಡಿ ಆಗಬೇಕು; ಹಳೆಯ ಹೊಯ್ಸಳ ನಾಡನ್ನೇ ನೋಡಿ. ಅರಸೀಕೆರೆಯ ಹೆಸರಿನಲ್ಲೇ ಅರಸಿಯ ಕೆರೆ ಇದೆ. ಹಳೇಬೀಡು ದೋರಸಮುದ್ರವಾಗಿದ್ದಾಗಿನಿಂದಲೂ ಊರ ಮಗ್ಗುಲಲ್ಲೇ ದೊಡ್ಡ ಕೆರೆ. ಬೇಲೂರಿನ ಪಕ್ಕ ಹರಿಯುವ ಯಗಚಿ ಬಾಬಾಬುಡನ್ ಗಿರಿಯಿಂದ ಇಳಿದು ಹೇಮಾವತಿಯನ್ನು ಸೇರುತ್ತದೆ. ಮೂರೂ ಒಂದೇ ಹಾಸನ ಜಿಲ್ಲೆಯವಾದರೂ ನೀರು ಒಂದೇ ಅಲ್ಲ. ಬಯಲುಸೀಮೆಯ ಕೆರೆ ಮಳೆಗಾಲದಲ್ಲಿ ಕೆಮ್ಮಣ್ಣಿನ ರಾಡಿ, ಬೇಸಿಗೆಯಲ್ಲಿ ಪಾಚಿಯ ಹಸಿರು. ಮಲೆನಾಡಿನಿಂದ ಬರುವ ಹೊಳೆ ಮಳೆ ನಿಂತ ಮೇಲೆ ತಳದ ಕಲ್ಲು ಕಾಣುವಷ್ಟು ತಿಳಿ. ಕೆರೆಯ ಬೇಟೆಗಾರ ಮೀನೆಂದರೆ ಕೊರವ, ಅಂದರೆ ಮುರಲ್. ಜೊಂಡಿನ ಅಂಚಿನಲ್ಲಿ ಹೊಂಚಿ ಕೂತು ಕಪ್ಪೆಯನ್ನೋ ಮರಿಮೀನನ್ನೋ ಗಬಕ್ಕನೆ ನುಂಗುವ ಈ ಮೀನಿಗೆ ಜೀವಂತ ಕಪ್ಪೆಮರಿಯೇ ಬಹುಕಾಲದ ಎರೆ. ಬಿದಿರ ಕೋಲು, ಜೋಳದ ದಂಟಿನ ಬೆಂಡು, ಎರೆಹುಳು ಇವು ಉಳಿದ ಸಣ್ಣ ಮೀನುಗಳಿಗೆ ಸಾಕು.

ಮೀನಿನ ಕಣ್ಣನ್ನು ಮೋಸಗೊಳಿಸುವ ಲೋಹದ ಎರೆ ಹೊರಗಿನಿಂದ ಬಂತು. ಅಮೆರಿಕದ ಜೂಲಿಯೊ ಬ್ಯುಯೆಲ್ 1852ರಲ್ಲಿ ತಿರುಗುವ ತಗಡಿನ ಎರೆಗೆ ಪೇಟೆಂಟ್ ಪಡೆದ. ಹಿಡಿ ಮುರಿದ ಚಮಚದಂತಿರುವ ಇಂಥ ಎರೆಗೆ ಸ್ಪೂನ್ ಎಂದೇ ಹೆಸರು ನಿಂತಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಭಾರತದಲ್ಲಿ ಗಾಳ ಹಾಕುವವರಿಗೆ ಬಹುಕಾಲ ಕೈಪಿಡಿಯಾಗಿದ್ದ ಈ ಪುಸ್ತಕದ ನಾಯಕ ಮಹಸೀರ್. ಕಾವೇರಿ ತೀರದವರ ಬಾಯಲ್ಲಿ ಅದು ಬಿಳಿ ಮೀನು.

ಸ್ಪೂನಿನಲ್ಲಿ ಬಣ್ಣವೆಂದರೆ ಲೋಹದ ಬಣ್ಣ: ತಾಮ್ರ, ಹಿತ್ತಾಳೆ, ಬೆಳ್ಳಿ. ತಿಳಿನೀರಿನಲ್ಲಿ, ಸುಡುಬಿಸಿಲಿನಲ್ಲಿ ಮಂಕಾದ ತಾಮ್ರ. ನೀರು ಕದಡಿದ್ದರೆ, ಮೋಡ ಕವಿದಿದ್ದರೆ ಥಳಥಳಿಸುವ ಬೆಳ್ಳಿ. ಗಾತ್ರದ ಲೆಕ್ಕ ಮಾತ್ರ ಹೊಸಬರನ್ನು ದಾರಿ ತಪ್ಪಿಸುತ್ತದೆ. ಮಹಸೀರಿನ ದವಡೆಯಲ್ಲಿ ಹಲ್ಲಿಲ್ಲ, ಹಲ್ಲುಗಳೆಲ್ಲ ಗಂಟಲಲ್ಲಿ. ಏಡಿ, ಬಸವನಹುಳುಗಳನ್ನು ಅಲ್ಲೇ ಅರೆಯುತ್ತದೆ. ಆದ್ದರಿಂದ ಮಣಗಟ್ಟಲೆ ತೂಗುವ ಮೀನೂ ಅಂಗೈಗಿಂತ ಚಿಕ್ಕ ಎರೆಗೆ ಬಾಯಿ ಹಾಕೀತು. ಗಾಳ ತೆಳ್ಳಗಿದ್ದರೆ ಅದನ್ನೂ ಹಿಸುಕಿ ಮುರಿದೀತು.

ಕಾವೇರಿಯಲ್ಲಿ 1919ರಲ್ಲಿ ರಿವೆಟ್-ಕಾರ್ನ್ಯಾಕ್ ಎಂಬ ಸೇನಾಧಿಕಾರಿ 119 ಪೌಂಡಿನ ಮಹಸೀರ್ ಹಿಡಿದ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ಹಿಡಿದದ್ದು 120 ಪೌಂಡು, ಅಂದರೆ 54 ಕಿಲೋ. ಕಾವೇರಿ ದಂಡೆಯ ಭೀಮೇಶ್ವರಿಯ ಸುತ್ತಮುತ್ತ 1970ರ ದಶಕದ ಕೊನೆಯಿಂದ ವಿದೇಶಿ ಗಾಳಗಾರರು ಬರತೊಡಗಿದಾಗ ಅವರ ಪೆಟ್ಟಿಗೆಯ ಬಣ್ಣಬಣ್ಣದ ಎರೆಗಳಿಗೆ ಸಡ್ಡು ಹೊಡೆದದ್ದು ನಮ್ಮ ರಾಗಿ. ಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಬೇಯಿಸಿ ಗಾಳಕ್ಕೆ ಸುತ್ತುವುದು; ಕೆಲವರು ಸೋಂಪು ಬೆರೆಸುವುದೂ ಉಂಟು. ಊಟದ ಮುದ್ದೆಯಷ್ಟು ಮೆತ್ತಗಾದರೆ ಸಣ್ಣ ಮೀನುಗಳು ಚೂರುಚೂರಾಗಿ ಕಿತ್ತು ತಿಂದುಬಿಡುತ್ತವೆ. ಇಲ್ಲಿ ಬಣ್ಣಕ್ಕಿಂತ ಹದ ದೊಡ್ಡದು. ಸೋಮೇಶ್ವರನಿಗೆ ಈ ಉಂಡೆ ತೋರಿಸಿದ್ದರೆ ವಿವರಿಸಿ ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಹುಸಿ ಎರೆಯ ಗಾತ್ರ, ಬಣ್ಣಗಳ ಚರ್ಚೆ ವಿಪರೀತಕ್ಕೆ ಹೋದದ್ದು ಅಮೆರಿಕದ ಬಾಸ್ ಮೀನಿನ ಸುತ್ತ. ಜಾರ್ಜಿಯಾದಲ್ಲಿ 1932ರಲ್ಲಿ ಜಾರ್ಜ್ ಪೆರ್ರಿ ಹಿಡಿದ 22 ಪೌಂಡ್ 4 ಔನ್ಸಿನ ಬಾಸ್ ಮುಂದೆ ದೊಡ್ಡ ಬಾಸ್‌ನ ಹುಚ್ಚಿಗೆ ಗುರಿಯಾಯಿತು. ಕ್ಯಾಲಿಫೋರ್ನಿಯಾದ ಜಲಾಶಯಗಳಿಗೆ ಬಿಟ್ಟ ಟ್ರೌಟ್ ಮೀನುಗಳನ್ನು ತಿಂದು ಬಾಸ್ ಕೊಬ್ಬಿದಾಗ, ಟ್ರೌಟ್‌ನಷ್ಟೇ ಉದ್ದದ, ಗೇಣು ಮೀರಿದ ಹುಸಿಮೀನುಗಳು ತಯಾರಾದವು. ಎರೆಯ ಅಳತೆಯನ್ನು ನಿರ್ಧರಿಸಿದ್ದು ಬಾಸ್‌ನ ಊಟ.

ಆ ವಿದ್ಯೆಯ ಒಂದು ತುಣುಕು ಕರ್ನಾಟಕದ ಕೆರೆಗಳಿಗೆ ರಬ್ಬರ್ ಕಪ್ಪೆಯ ರೂಪದಲ್ಲಿ ಬಂದಿದೆ. ಅದು ಕೊರವನಿಗೆಂದೇ ಮಾಡಿದಂತಿದೆ. ಐದಾರು ಸೆಂಟಿಮೀಟರ್ ಸಾಕು, ಕೆರೆಯ ಕಪ್ಪೆ ಇರುವುದೇ ಅಷ್ಟು. ಬಣ್ಣದ ವಿಷಯಕ್ಕೆ ಬೆಳಕಿನ ಗುಣ ತಿಳಿದಿರಬೇಕು. ತಿಳಿನೀರಿನ ಆಳಕ್ಕೆ ಇಳಿದಂತೆ ಮೊದಲು ಕಳೆದುಹೋಗುವುದು ಕೆಂಪು. ಮೇಲೆ ಉರಿಯುವ ಕೆಂಪಾಗಿ ಕಂಡದ್ದು ಕೆಳಗೆ ಕಂದು, ಇನ್ನೂ ಕೆಳಗೆ ಕಪ್ಪು. ರಾಡಿನೀರಿನಲ್ಲಿ ನವಿರಾದ ಬಣ್ಣಗಳು ಕಾಣುವುದೇ ಇಲ್ಲ, ಗಾಢ ಹಳದಿಯೋ ಅಚ್ಚ ಕಪ್ಪೋ ಬೇಕು. ನೀರಿನ ಮೇಲೆ ತೇಲುವ ಕಪ್ಪೆಯನ್ನು ಮೀನು ಕೆಳಗಿನಿಂದ, ಆಕಾಶದ ಬೆಳಕಿಗೆ ಎದುರಾಗಿ ನೋಡುತ್ತದೆ. ಹಾಗಾಗಿ ಬೆನ್ನಿನ ಚಿತ್ತಾರಕ್ಕೆ ಮರುಳಾಗುವವನು ಅಂಗಡಿಯಲ್ಲಿ ನಿಂತ ಗಿರಾಕಿ ಮಾತ್ರ. ಮೀನಿಗೆ ಕಾಣುವುದು ಹೊಟ್ಟೆಯ ಆಕಾರ ಮತ್ತು ಕಾಲಿನ ಅಲುಗಾಟ. ಮುಸ್ಸಂಜೆಗೆ ಕಪ್ಪು ಎರೆ ಒಳ್ಳೆಯದೆಂಬ ಮಾತಿಗೆ ಇದೇ ಕಾರಣ.

ಕಾವೇರಿ ವನ್ಯಧಾಮದ ಗಾಳದ ಬಿಡಾರಗಳು ವನ್ಯಜೀವಿ ಕಾಯ್ದೆಯ ಬಿಗಿಯಿಂದ ಮುಚ್ಚಿವೆ. ಅಲ್ಲಿಯ ಡುಬ್ಬದ ಮಹಸೀರಿಗೆ 2018ರಲ್ಲಿ ‘ಟಾರ್ ರೆಮಾದೇವಿ’ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹಾಸನ ಜಿಲ್ಲೆಯಲ್ಲೇ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ, ಕಾವೇರಿಯ ಮೀನುಗಳನ್ನು ದೇವರ ಮೀನೆಂದು ಕಾಪಾಡಿಕೊಂಡು ಬರಲಾಗಿದೆ. ಅಲ್ಲಿ ಗಾಳ ಹಾಕುವಂತಿಲ್ಲ. ಭಕ್ತರು ಎಸೆಯುವ ಪುರಿಗೆ ಮೀನುಗಳು ಮೆಟ್ಟಿಲ ತನಕ ಬರುತ್ತವೆ.